ಏಳನೆಯ ಶಾಲು

ಫೆಬ್ರವರಿ 5, 2017, ಭಾನುವಾರ

ಗೆದ್ದೆವು. ಬರೆದು ನೋಡಿದರೂ ನಂಬಿಕೆ ಬರುತ್ತಿಲ್ಲ. ರಾಯದುರ್ಗದ ಜೀನ್ಸ್ ಯೂನಿಟ್‌ಗಳಲ್ಲಿ ಜೇಬು, ಪಟ್ಟಿ ಹೊಲಿಯುವ ನಾವು ರಾಜ್ಯದ ಗ್ರಾಮೀಣ ಮಹಿಳಾ ಕಬಡ್ಡಿ ಕಪ್ಪು ಗೆದ್ದೆವು. ಅನಂತಪುರದಿಂದ ಬರುವಾಗ ಬಸ್ಸಿನಲ್ಲಿ ಕಪ್ಪು ನನ್ನ ತೊಡೆಯ ಮೇಲಿತ್ತು. ಕಲ್ಯಾಣದುರ್ಗದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಒಬ್ಬ ಮುದುಕಿ ಅದನ್ನು ಮುಟ್ಟಿ ನೋಡಿ, ಇದಕ್ಕೆ ಎಷ್ಟು ಸೇರು ರಾಗಿ ಹಿಡಿಯುತ್ತದೆ ಎಂದು ತೆಲುಗಿನಲ್ಲಿ ಕೇಳಿದಳು.

ಆಡಿದ್ದು ಆರೇ ಜನ. ಡಿಸೆಂಬರಿನಲ್ಲಿ ಅಂಜಿನಿ ತೀರಿಕೊಂಡ ಮೇಲೆ ಅವಳ ಜಾಗಕ್ಕೆ ಇನ್ನೊಬ್ಬಳನ್ನು ತರುವುದು ಬೇಡ ಎಂದು ನಮ್ಮ ಕ್ಯಾಪ್ಟನ್ ಸುಶ್ಮಿತಾ ಹಟ ಹಿಡಿದಳು. ಹೈಸ್ಕೂಲಿನಲ್ಲಿ ವ್ಯಾಯಾಮದ ಮೇಷ್ಟ್ರಾಗಿದ್ದು ಈಗ ನಮಗೆ ಆಟ ಕಲಿಸುವ ಮರುಳಪ್ಪ ಸರ್, ಆರು ಜನ ಆಡಲು ನಿಯಮ ಒಪ್ಪುತ್ತದೆ ಎಂದರು. ಒಂದೇ ತೊಂದರೆ. ತಂಡವೆಲ್ಲ ಔಟಾದಾಗ ಬಾರದವಳನ್ನೂ ಔಟ್ ಎಂದು ಎಣಿಸಿ ಎದುರಿನವರಿಗೆ ಅಂಕ ಕೊಡುತ್ತಾರೆ. ಅಂದರೆ ಅಂಪೈರ್ ಲೆಕ್ಕದಲ್ಲಿ ಅಂಜಿನಿ ಅಂಕಣದಲ್ಲೇ ಇದ್ದಳು.

ನಾನು ನಿಲ್ಲುವುದು ಎಡ ಮೂಲೆಯಲ್ಲಿ. ನನ್ನ ಪಕ್ಕದ ಜಾಗ ಅವಳದು. ಮೂಲೆಯವಳೂ ಪಕ್ಕದವಳೂ ಕೈ ಕೈ ಹಿಡಿದು, ನುಗ್ಗಿ ಬಂದವಳನ್ನು ಸರಪಳಿಯಂತೆ ಸುತ್ತುವುದು ನಮ್ಮ ಆಟ. ಕೊನೆಯ ರೈಡಿನಲ್ಲಿ ಅವರ ಎತ್ತರದ ಹುಡುಗಿ ನನ್ನ ಮೂಲೆಗೇ ಬಂದಳು. ಅಭ್ಯಾಸದಿಂದ ಬಲಗೈ ಚಾಚಿದೆ. ಒಂದು ಕೈ ಬಂದು ನನ್ನ ಕೈ ಹಿಡಿಯಿತು. ಬೆರಳ ತುದಿಗಳು ಬ್ಲೀಚಿಗೆ ಸುಟ್ಟು ಒರಟಾಗಿದ್ದವು. ಇಬ್ಬರೂ ಸೇರಿ ಎಳೆದೆವು, ಅವಳು ಬಿದ್ದಳು, ಸೀಟಿ ಊದಿದರು.

ತಿರುಗಿ ನೋಡಿದರೆ ನನ್ನ ಬಲಕ್ಕೆ ಯಾರೂ ಇರಲಿಲ್ಲ. ಸುಶ್ಮಿತಾ ಅಂಕಣದ ಆ ತುದಿಯಲ್ಲಿದ್ದಳು.

ಯಾರಿಗೂ ಹೇಳಿಲ್ಲ. ಇಲ್ಲಿ ಬರೆದರೆ ಹೇಳಿದ ಹಾಗಲ್ಲ.

ಫೆಬ್ರವರಿ 7, ಮಂಗಳವಾರ

ಕೆಲಸದಿಂದ ಬರುವಷ್ಟರಲ್ಲಿ ನಾನೂ ಸುಶ್ಮಿತಾಳೂ ಬಾಡಿಗೆಗಿರುವ ರೂಮಿನ ಮುಂದೆ ಕಾರು ನಿಂತಿತ್ತು. ಮನೆಯ ಒಡತಿ ಅನ್ನದಾನಮ್ಮ ಗಡಿಬಿಡಿಯಿಂದ ಕುರ್ಚಿ ಒರೆಸುತ್ತಿದ್ದರು. ಬಂದವರು ಕಿರಣ್‌ಕುಮಾರ್, ಪೆದ್ದಾಯನ ಅವರ ಅಕ್ಕನ ಮಗ. ತೆಲುಗಿನಲ್ಲಿ ಪೆದ್ದಾಯನ ಎಂದರೆ ದೊಡ್ಡವರು; ಈ ಊರಿನಲ್ಲಿ ಅದು ಯಾರೆಂದು ಕೇಳುವವರಿಲ್ಲ. ಈಗ ಅವರು ಯಾವ ಕುರ್ಚಿಯಲ್ಲೂ ಇಲ್ಲ. ಆದರೂ ಅವರ ಬಂಗಲೆಯ ಜಗಲಿಯಲ್ಲಿ ಮಾತಾಗದೆ ಇಲ್ಲಿ ಒಂದು ಬೋರು ಕೊರೆಯುವುದಿಲ್ಲ, ಒಂದು ಕೇಸು ಮುಂದೆ ಹೋಗುವುದಿಲ್ಲ.

ಭಾನುವಾರ ಬಂಗಲೆಯ ಅಂಗಳದಲ್ಲಿ ನಮಗೆ ಸನ್ಮಾನವಂತೆ. ಪೆದ್ದಾಯನ ತಾವೇ ಶಾಲು ಹೊದಿಸುತ್ತಾರಂತೆ. ಟಿವಿಯವರೂ ಬರುತ್ತಾರಂತೆ.

ಅಂಜಿನಿ ಕೆಲಸ ಮಾಡುತ್ತಿದ್ದದ್ದು ಈ ಕಿರಣ್‌ಕುಮಾರರ ವಾಷಿಂಗ್ ಯೂನಿಟ್ಟಿನಲ್ಲಿ, ಹೊಲಿದ ಪ್ಯಾಂಟುಗಳನ್ನು ಬಣ್ಣ ಬಿಡಿಸಿ ತೊಳೆಯುವ ಕಡೆ. ತೊಳೆದ ನೀರು ಹೋಗಿ ಬೀಳುವ ತೊಟ್ಟಿಯ ಕೆಸರು ತೆಗೆಯಲು ಅವಳನ್ನು ಇಳಿಸಿದರು. ಕಾಲು ಜಾರಿತು. ಹೊರಗೆ ತೆಗೆಯುವಾಗ ಮೈಯೆಲ್ಲ ನೀಲಿ. ಯೂನಿಟ್ಟಿನವರು ಪೊಲೀಸರಿಗೆ ಹೇಳಿದ್ದೇನೆಂದರೆ, ಆ ಹುಡುಗಿ ನಮ್ಮಲ್ಲಿ ಕೆಲಸಕ್ಕೇ ಇರಲಿಲ್ಲ, ದಾರಿಯಲ್ಲಿ ಹೋಗುವವಳು ನೀರು ಕುಡಿಯಲು ಬಂದು ಬಿದ್ದಿದ್ದಾಳೆ. ಜೊತೆಗೆ ದುಡಿದವರೂ ಹಾಗೇ ಹೇಳಿದರು. ಕೇಸು ಅಲ್ಲಿಗೇ ಮುಗಿಯಿತು. ಮುಗಿಸಿದ್ದು ಯಾರೆಂದು ಎಲ್ಲರಿಗೂ ಗೊತ್ತು.

ಸುಶ್ಮಿತಾ ನಿಂತೇ ಹೇಳಿದಳು. "ಅಂಜಿನಿ ನಿಮ್ಮಲ್ಲಿ ಕೆಲ್ಸ ಮಾಡ್ತಿದ್ಲು ಅಂತ ಪೆದ್ದಾಯನ ಒಂದು ಮಾತು ಹೇಳ್ಲಿ ಸಾರ್. ಅವತ್ತೇ ಬತ್ತೀವಿ."

"ಯಾವ ಅಂಜಿನಿ?" ಎಂದರು ಕಿರಣ್‌ಕುಮಾರ್. ಸುಳ್ಳು ಹೇಳುವವರ ಮುಖ ಹಾಗಿರುವುದಿಲ್ಲ. ನಿಜಕ್ಕೂ ನೆನಪಾಗದವರ ಹಾಗೆ ಕೇಳಿದರು. ನನಗೇ ಒಂದು ಕ್ಷಣ, ಅಂಥವಳೊಬ್ಬಳು ಇದ್ದಳೇ ಎಂದು ಅನಿಸಿಹೋಯಿತು. ಇದೇ ರೂಮಿನಲ್ಲಿ ಮೂರನೆಯ ಚಾಪೆ ಅವಳದಾಗಿತ್ತು.

ನಿಜ ಹೇಳಬೇಕೆಂದರೆ ನನ್ನೊಬ್ಬಳನ್ನೇ ಕೇಳಿದ್ದರೆ ಹೋಗುತ್ತಿದ್ದೆ. ರೊಳ್ಳದಿಂದ ಇಷ್ಟು ದೂರ ದುಡಿಯಲು ಬಂದವಳು ಇಂಥವರನ್ನು ಎದುರು ಹಾಕಿಕೊಂಡು ಬದುಕುವುದುಂಟೇ? ಸುಶ್ಮಿತಾ ಹೇಳಿದಳು, ನಾನು ಅವಳ ಹಿಂದೆ ನಿಂತಿದ್ದೆ, ಅಷ್ಟೆ.

ಮರುಳಪ್ಪ ಸರ್‌ಗೆ ವಿಷಯ ತಿಳಿಸಿದೆವು. ಹೋಗೋದು ಬ್ಯಾಡ ಅಂದ್ರ ಬ್ಯಾಡ, ನಾನೂ ಹೋಗಂಗಿಲ್ಲ ಎಂದರು.

ಫೆಬ್ರವರಿ 9

ಇನ್ನೆರಡು ಸಲ ಫೋನು ಬಂತು. ಆಮೇಲೆ ನಿಂತಿತು. ಅಷ್ಟು ಬೇಗ ಬಿಟ್ಟದ್ದು ನನಗೆ ಸರಿ ಕಾಣುತ್ತಿಲ್ಲ.

ಫೆಬ್ರವರಿ 12, ಭಾನುವಾರ

ಇವತ್ತು ಸನ್ಮಾನದ ದಿನ. ನಾವಿಬ್ಬರೂ ಮಾಳಿಗೆಯ ಮೇಲೆ ಕಡಲೆಕಾಯಿ ಬಿಡಿಸುತ್ತ ಕೂತಿದ್ದೆವು. ಅನ್ನದಾನಮ್ಮ ಹೊಸ ಸೀರೆ ಉಟ್ಟು ಬೆಳಿಗ್ಗೆಯೇ ಹೊರಟುಹೋಗಿದ್ದರು. ಬಂಗಲೆ ಇರುವುದು ಬೆಟ್ಟದ ಆ ಮಗ್ಗುಲಿಗೆ. ಮೈಕಿನ ಸದ್ದು ಬಂಡೆಗಳಿಗೆ ಬಡಿದು ಎರಡೆರಡು ಸಲ ಕೇಳುತ್ತದೆ.

ನಾವು ಹೋಗಲಿಲ್ಲವಾದ್ದರಿಂದ ಕಾರ್ಯಕ್ರಮ ನಿಂತಿರುತ್ತದೆ ಎಂದುಕೊಂಡಿದ್ದೆವು. ಹನ್ನೊಂದರ ಸುಮಾರಿಗೆ ಹೆಸರು ಕೂಗತೊಡಗಿದರು. ಮೊದಲು ಸುಶ್ಮಿತಾ. ಚಪ್ಪಾಳೆ. ಅವಳ ಕೈಯಲ್ಲಿದ್ದ ಕಾಯಿ ಹಾಗೇ ನಿಂತಿತು. ಆಮೇಲೆ "ಮಂಗಳಾ" ಎಂದರು. ಬಂಡೆಯೂ "ಮಂಗಳಾ" ಎಂದಿತು. ನಾನು ಎದ್ದು ನಿಂತೆ. ಯಾಕೆ ನಿಂತೆನೋ ತಿಳಿಯದು. ಚಪ್ಪಾಳೆ ಮುಗಿಯುವವರೆಗೂ ನಿಂತೇ ಇದ್ದೆ. ಅಲ್ಲಿ ಯಾರೋ ನಡೆದು ಹೋಗಿ ನನ್ನ ಹೆಸರಿಗೆ ಬಗ್ಗಿ ನಿಂತಿದ್ದಾರೆ ಎನ್ನುವುದು ಬೆನ್ನಿನ ಮೇಲೆ ಯಾರೋ ಕೈ ಇಟ್ಟಂತೆ ಗೊತ್ತಾಗುತ್ತಿತ್ತು.

ಕೊನೆಯ ಹೆಸರು ಅಂಜಿನಿ.

ಅದಕ್ಕೂ ಚಪ್ಪಾಳೆ ಬಿತ್ತು, ಎಲ್ಲಕ್ಕಿಂತ ಜಾಸ್ತಿ. ಆಮೇಲೆ ಮೈಕು ಸುಮ್ಮನಾಯಿತು. ಭಾಷಣವಿಲ್ಲ, ಹಾಡಿಲ್ಲ. ಏನೋ ನಿಂತುಹೋದ ಹಾಗೆ.

ಸುಶ್ಮಿತಾ ಕಡಲೆಕಾಯಿಯ ಸಿಪ್ಪೆಯನ್ನೆಲ್ಲ ಸೆರಗಿಗೆ ತುಂಬಿಕೊಂಡು ಕೆಳಗಿಳಿದು ಹೋದಳು. ಕಾಳು ಮಾಳಿಗೆಯ ಮೇಲೇ ಉಳಿಯಿತು.

ಫೆಬ್ರವರಿ 13, ಸೋಮವಾರ

ಹಾಲಿನ ಅಂಗಡಿಯವನು, ಯೂನಿಟ್ಟಿನ ವಾಚ್‌ಮನ್, ನನ್ನ ಸಾಲಿನಲ್ಲಿ ಹೊಲಿಯುವವರು, ಎಲ್ಲರೂ ಶಾಲು ಚೆನ್ನಾಗಿತ್ತು ಎನ್ನುತ್ತಾರೆ. ನಾನು ಹೋಗಿರಲಿಲ್ಲ ಎಂದರೆ ನಗುತ್ತಾರೆ. ಸೂಪರ್‌ವೈಸರ್ ಅಂತೂ ತೆಲುಗಿನಲ್ಲಿ, ಯಾಕಮ್ಮ ತಮಾಷೆ, ನಾನೇ ನಿನ್ನ ಕೈ ಕುಲುಕಿದೆನಲ್ಲ ಎಂದರು.

ಸಂಜೆ ಅನ್ನದಾನಮ್ಮ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದರು. ಅವರ ಕಣ್ಣಿಗೆ ಪೊರೆ ಬಂದಿದೆ, ಓದು ಬರಹ ಬಾರದು. ಆದರೆ ಮೂರು ವರ್ಷದಿಂದ ನಮ್ಮ ಜೊತೆಗಿದ್ದವರು, ನನ್ನ ನಡಿಗೆಯನ್ನು ಬಲ್ಲವರು.

"ನಿನ್ನಿ ಚಂದ ಕಾಣಿಸ್ತಿದ್ದಿ ಬಿಡವ್ವ. ನಾ ಮುಂದಿನ ಸಾಲಿನ್ಯಾಗ ಕುಂತಿದ್ದೆ. ಕೈ ಮಾಡಿದೆ, ನೀ ನೋಡಿಯೂ ಸುಮ್ನಾದಿ. ಪಾಪ, ಅಂಜಿನಿ ನಕ್ಳು."

ಹೇಳಿ ಮುಗಿಸಿದ ಮೇಲೆ ಅವರ ಕೈ ನಿಂತಿತು. ಡಿಸೆಂಬರಿನಲ್ಲಿ ಅಂಜಿನಿಯ ತಲೆಗೆ ನೀರು ಹಾಕಿ ಕೂದಲಿನ ನೀಲಿ ತೊಳೆದವರು ಇದೇ ಅನ್ನದಾನಮ್ಮ. ನನ್ನ ಮುಖ ನೋಡಿದರು. ಬೂದಿ ಹತ್ತಿದ ಕೈಯಲ್ಲೇ ಬಾಯಿ ಮುಚ್ಚಿಕೊಂಡರು. ಆಮೇಲೆ ಒಳಗೆ ಹೋದವರು ದೀಪ ಹಚ್ಚಲೂ ಹೊರಗೆ ಬರಲಿಲ್ಲ.

ಫೆಬ್ರವರಿ 15

ಬಸ್‌ಸ್ಟ್ಯಾಂಡಿನ ಎದುರು ಫ್ಲೆಕ್ಸ್ ಕಟ್ಟಿದ್ದಾರೆ. ಎರಡಾಳು ಎತ್ತರದ ಪೆದ್ದಾಯನ ಕೈ ಮುಗಿದು ನಿಂತಿದ್ದಾರೆ. ಪಕ್ಕದಲ್ಲಿ ನಾವು ಏಳು ಜನ. ಹೋದ ವರ್ಷದ ಫೋಟೊ ತೆಗೆದು ಅಂಟಿಸಿದ್ದಾರೆ. ಅವರಿಗೂ ನಮಗೂ ನಡುವೆ ಅಂಜಿನಿ, ಉದ್ದ ಜಡೆಯನ್ನು ಮುಂದಕ್ಕೆ ಹಾಕಿಕೊಂಡು. ಇವರ ಪಾಲಿಗೆ ಇಲ್ಲದ ಹುಡುಗಿ ಊರಿಗೆಲ್ಲ ಕಾಣುವಂತೆ ಅವರ ಮಗ್ಗುಲಲ್ಲೇ ನಿಂತಿದ್ದಾಳೆ.

ಪೇಪರಿನಲ್ಲೂ ಸನ್ಮಾನದ ಚಿತ್ರ ಬಂದಿದೆ. ಹಾರ, ಶಾಲು, ತಲೆಗಳು. ಮುಖಗಳು ಸರಿಯಾಗಿ ಮೂಡಿಲ್ಲ. ನಾನು ಎಣಿಸಿದರೆ ಆರು ಜನ. ಸುಶ್ಮಿತಾ ಎಣಿಸಿದರೂ ಆರು. ಅನ್ನದಾನಮ್ಮ ಬೆರಳಿಟ್ಟು ಎಣಿಸಿದರೆ ಏಳು. ಎಲ್ಲಿ ತೋರಿಸಿ ಎಂದೆವು. ತೋರಿಸಿದ ಕಡೆ ಎರಡು ಹಾರಗಳ ನಡುವೆ ಕಪ್ಪಗೆ ಒಂದು ಸಂದಿ ಇದೆ, ಅಷ್ಟೆ.

ಫೆಬ್ರವರಿ 16

ಈಗ ಉಸಿರು ಬಂದಂತಾಯಿತು. ಸುಶ್ಮಿತಾ ಆಟೋಸ್ಟ್ಯಾಂಡಿನಲ್ಲಿ ವಿಚಾರಿಸಿ ಎಲ್ಲ ತಿಳಿದುಕೊಂಡು ಬಂದಿದ್ದಾಳೆ. ಕಣೇಕಲ್ಲಿನಿಂದ ಏಳು ಜನ ಕಾಲೇಜು ಹುಡುಗಿಯರನ್ನು ಕರೆತಂದು, ನಮ್ಮ ಬಣ್ಣದ ಜರ್ಸಿ ಹೊಲಿಸಿ, ಬೆನ್ನಿಗೆ ನಮ್ಮ ಹೆಸರು ಹಾಕಿಸಿ ನಿಲ್ಲಿಸಿದರಂತೆ. ಹೆಸರುಗಳನ್ನು ಹೋದ ವರ್ಷದ ಫೋಟೊ ನೋಡಿ ಬರೆದುಕೊಂಡದ್ದು. ಮಾಡಿದವರಿಗೆ ಯಾವ ಹೆಸರು ಯಾರದೆಂದು ಗೊತ್ತಿಲ್ಲ. ಅನ್ನದಾನಮ್ಮನವರ ಪೊರೆ ಬಂದ ಕಣ್ಣಿಗೆ ಎಲ್ಲರೂ ಒಂದೇ.

ಕೋಪ ಬರಬೇಕಿತ್ತು. ನನಗೆ ಬಂದದ್ದು ನಗು. ಇಬ್ಬರೂ ಬಹಳ ನಕ್ಕೆವು.

ಫೆಬ್ರವರಿ 17

ಅನ್ನದಾನಮ್ಮ ಇವತ್ತು ಮೂರು ತಟ್ಟೆ ಹಾಕಿದರು. ಅವರಿಗೂ ನಮ್ಮ ಜೊತೆ ಊಟಕ್ಕೆ ಕೂರುವ ಮನಸ್ಸಾಗಿದೆ ಎಂದುಕೊಂಡೆ. ಅವರು ಬಡಿಸಿ ಒಳಗೆ ಹೋದರು.

ಫೆಬ್ರವರಿ 19, ಭಾನುವಾರ

ಅಂಜಿನಿಯ ತಾಯಿ ಮೈಲಾರಮ್ಮ ಬಂದಿದ್ದಾಳೆ. ಅಮರಾಪುರದ ಹತ್ತಿರದ ಹಳ್ಳಿಯಿಂದ ಎರಡು ಬಸ್ಸು ಬದಲಾಯಿಸಿ, ಕಂಬಳಿ ಹೊದ್ದು, ಒಬ್ಬಳೇ. ಕುರಿಗಳನ್ನು ಮೈದುನ ಕದರಪ್ಪನಿಗೆ ಒಪ್ಪಿಸಿ ಬಂದಳಂತೆ. ನಾವಿಬ್ಬರೂ ಅವಳ ಕಾಲು ಹಿಡಿದೆವು. ಅವಳು ಅಳಲಿಲ್ಲ. ರೂಮಿನ ನಾಲ್ಕು ಮೂಲೆಯನ್ನೂ ನೋಡಿದಳು.

ಊರಿನಲ್ಲಿ ಟಿವಿ ನೋಡಿದವರೆಲ್ಲ ನಿನ್ನ ಮಗಳು ರಾಯದುರ್ಗದ ದೊಡ್ಡವರ ಮನೆಯಲ್ಲಿ ಶಾಲು ಹೊದ್ದು ನಿಂತಿದ್ದಳು ಎಂದು ಬಂದು ಹೇಳಿದರಂತೆ. ಒಬ್ಬರಲ್ಲ ಇಬ್ಬರಲ್ಲ. ಕೊನೆಗೆ ಅಂಜಿನಿಯ ಹೆಣ ಹೊತ್ತವರೂ ಬಂದು ಹೇಳಿದರಂತೆ.

"ನಾನೇ ಮಣ್ಣು ಹಾಕಿದ್ದು ಕಣವ್ವ, ನನ್ ಕೈಯಾರೆ" ಎಂದಳು. "ಆದ್ರೂ ಎಲ್ರೂ ಕಂಡ್ವಿ ಅಂತವ್ರೆ. ಒಂದ್ಸಲ ನೋಡ್ಕಂಡು ಹೋಗಾನ ಅಂತ ಬಂದೆ."

ಕಣೇಕಲ್ಲಿನ ಹುಡುಗಿಯರ ಸುದ್ದಿಯನ್ನು ಸುಶ್ಮಿತಾ ಬಿಡಿಸಿ ಬಿಡಿಸಿ ಹೇಳಿದಳು. ಮೈಲಾರಮ್ಮ ಎಲ್ಲ ಕೇಳಿ ತಲೆಯಾಡಿಸಿದಳು. ಆಮೇಲೆ ಫ್ಲೆಕ್ಸ್ ನೋಡಬೇಕೆಂದಳು. ಕರೆದುಕೊಂಡು ಹೋದೆ. ಬಿಸಿಲಿನಲ್ಲಿ ನಿಂತು ಮಗಳ ಮುಖವನ್ನೇ ನೋಡುತ್ತಿದ್ದಳು. ಅವಳು ಒಂದೇ ಒಂದು ಮಾತು ಕೇಳಿದ್ದು: ಇಷ್ಟು ಹತ್ತಿರ ನಿಲ್ಲಿಸಿಕೊಂಡವರು ಗೊತ್ತೇ ಇಲ್ಲ ಅಂದದ್ದು ಯಾಕೆ?

ಬರುವಾಗ ಜನ ನಮಗೆ ದಾರಿ ಬಿಡುತ್ತಿದ್ದರು. ಇಬ್ಬರು ಹೋಗುವುದಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಜಾಗ ಬಿಡುತ್ತಿದ್ದರು.

ಫೆಬ್ರವರಿ 21

ಕಿರಣ್‌ಕುಮಾರ್ ಮತ್ತೆ ಬಂದಿದ್ದರು. ಈ ಸಲ ಕಾರನ್ನು ಬೀದಿಯ ತುದಿಯಲ್ಲೇ ನಿಲ್ಲಿಸಿ ನಡೆದು ಬಂದರು. ಸುಶ್ಮಿತಾ ಕೆಲಸಕ್ಕೆ ಹೋಗಿದ್ದಳು. ಪೆದ್ದಾಯನ ಸನ್ಮಾನದ ದಿನದಿಂದ ಸರಿಯಾಗಿ ಊಟ ಮಾಡುತ್ತಿಲ್ಲವಂತೆ. ಇಡೀ ತಂಡ ಬರುವುದು ಬೇಡ, ಕೊನೆಯಲ್ಲಿ ಶಾಲು ಹೊದ್ದ ಹುಡುಗಿಯೊಬ್ಬಳನ್ನೇ ಕರೆದುಕೊಂಡು ಬನ್ನಿ, ಒಂದು ಸಲ ಮುಖ ನೋಡಬೇಕು ಎನ್ನುತ್ತಿದ್ದಾರಂತೆ.

ಬರುವುದಿಲ್ಲ, ಬೇಕಾದರೆ ಅವರೇ ನಮ್ಮ ಅಂಕಣಕ್ಕೆ ಬರಲಿ ಎಂದು ಹೇಳಿ ಕಳಿಸಿದೆ.

ಮೈಲಾರಮ್ಮ ಇವತ್ತು ಹುಚ್ಚೆಳ್ಳಿನ ಪುಡಿ ಹಾಕಿ ಬದನೆಕಾಯಿ ಪಲ್ಯ ಮಾಡಿದ್ದಳು. ಊರು ಬಿಟ್ಟ ಮೇಲೆ ಅಂಥದ್ದು ತಿಂದಿರಲಿಲ್ಲ. ಎರಡು ಮುದ್ದೆ ಉಂಡೆ.

ಫೆಬ್ರವರಿ 22, ಬುಧವಾರ

ಇದನ್ನು ಹೇಗೆ ಬರೆಯುವುದು ಗೊತ್ತಾಗುತ್ತಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಸಂಜೆ ಕಣೇಕಲ್ಲಿನಿಂದ ವಿದ್ಯಾಶ್ರೀ ಎಂಬ ಹುಡುಗಿ ನಮ್ಮನ್ನು ಹುಡುಕಿಕೊಂಡು ಬಂದಳು. ಡಿಗ್ರಿ ಓದುತ್ತಿದ್ದಾಳಂತೆ. ಕೈಯಲ್ಲಿ ಒಂದು ಕವರು. ಅದರೊಳಗೆ ನಮ್ಮ ಬಣ್ಣದ ಜರ್ಸಿ, ಬೆನ್ನಿನ ಮೇಲೆ ಅಂಜಿನಿಯ ಹೆಸರು. ಮಡಿಕೆಗೆ ಹಾಕಿದ ಗುಂಡುಪಿನ್ನುಗಳನ್ನೂ ತೆಗೆದಿರಲಿಲ್ಲ.

ಸನ್ಮಾನದ ದಿನ ಬರುವಾಗ ಆಟೋದವನು ಮಾತಿಗೆ ಮಾತು ಬಂದು, ಆ ಹೆಸರಿನವಳು ವಾಷಿಂಗ್ ತೊಟ್ಟಿಯಲ್ಲಿ ಸತ್ತಳಲ್ಲ ಎಂದುಬಿಟ್ಟನಂತೆ. ವಿದ್ಯಾಶ್ರೀ ಜರ್ಸಿಯನ್ನು ತೊಡಲಿಲ್ಲ. ಸತ್ತವಳ ಹೆಸರು ಹೊತ್ತು ಸನ್ಮಾನ ಮಾಡಿಸಿಕೊಳ್ಳುವುದಿಲ್ಲ ಎಂದು ಆಟೋದಲ್ಲೇ ಕೂತಳಂತೆ. ಉಳಿದ ಆರು ಜನ ಹೋದರು. ಒಬ್ಬಳು ಕಡಿಮೆ ಎಂದು ಯಾರೂ ಬಂದು ಕೇಳಲಿಲ್ಲವಂತೆ.

"ಮೈಕಿನ್ಯಾಗ ಅಂಜಿನಿ ಅಂತ ಕೂಗಿದ್ರು ಅಕ್ಕ. ಯಾರೂ ಹೋಗಂಗಿಲ್ಲ ಅನ್ಕೊಂಡೆ. ಚಪ್ಪಾಳಿ ಹೊಡದ್ರು. ಯಾರಿಗೆ ಹೊಡದ್ರು?"

ನಾನೂ ಸುಶ್ಮಿತಾಳೂ ಒಬ್ಬರನ್ನೊಬ್ಬರು ನೋಡಲಿಲ್ಲ. ಮೈಲಾರಮ್ಮ ಮಾತ್ರ ಎದ್ದು ಬಂದು ಹುಡುಗಿಯ ಗಲ್ಲ ಸವರಿದಳು. ನೀನು ಹಾಕ್ಕಳ್ದೇ ಇದ್ದದ್ದು ಒಳ್ಳೇದಾಯ್ತು ಮಗ, ಅವಳ ಬಟ್ಟೆ ಇನ್ನೊಬ್ಬರು ಮುಟ್ಟಿದ್ರೆ ಅವಳಿಗೆ ಆಗ್ತಿರ್ಲಿಲ್ಲ ಎಂದಳು. ಬಂದಾಗಿನಿಂದ ಮೊದಲ ಸಲ ಅವಳ ಮುಖದಲ್ಲಿ ನಗೆಯಂಥದ್ದು ಕಂಡಿತು.

ವಿದ್ಯಾಶ್ರೀ ಭಾನುವಾರ ನಮ್ಮ ಆಟ ನೋಡಲು ಬರುತ್ತೇನೆಂದು ಹೇಳಿ ಹೋದಳು.

ಫೆಬ್ರವರಿ 24, ಶಿವರಾತ್ರಿ

ಊರೆಲ್ಲ ಗುಡಿಯ ಕಡೆ ಹೋಗಿದೆ. ನಮ್ಮ ಬೀದಿಯ ಚರಂಡಿಯಲ್ಲಿ ಇವತ್ತೂ ನೀಲಿ ನೀರು ಹರಿಯುತ್ತಿತ್ತು. ವಾಷಿಂಗ್ ಯೂನಿಟ್ಟಿಗೆ ರಜೆ.

ಫೆಬ್ರವರಿ 26, ಭಾನುವಾರ

ಪೆದ್ದಾಯನ ಬಂದರು.

ನಾವು ಹೈಸ್ಕೂಲಿನ ಹಿಂದಿನ ಬಯಲಿನಲ್ಲಿ ಅಭ್ಯಾಸ ಮಾಡುತ್ತಿದ್ದೆವು. ಬಿಸಿಲು ಇಳಿದಿತ್ತು. ಹಿಂದೆ ಜನವಿಲ್ಲ, ಕಾರಿಲ್ಲ. ಬಿಳಿ ಪಂಚೆಯ ಎತ್ತರದ ಮುದುಕರೊಬ್ಬರು ಕೋಲೂರಿಕೊಂಡು ಬೇಲಿ ದಾಟಿ ಬಂದು ಬಂಡೆಯ ಮೇಲೆ ಕೂತರು. ಫ್ಲೆಕ್ಸಿನಲ್ಲಿ ಇರುವಷ್ಟು ದೊಡ್ಡವರಲ್ಲ. ಮರುಳಪ್ಪ ಸರ್ ಎದ್ದು ನಿಂತರು, ಆದರೆ ಆಟ ನಿಲ್ಲಿಸಲಿಲ್ಲ.

ಅವರು ನಮ್ಮನ್ನು ನೋಡಲಿಲ್ಲ. ನನ್ನ ಪಕ್ಕದ ಖಾಲಿ ಜಾಗವನ್ನೇ ನೋಡುತ್ತಿದ್ದರು. ನಾವು ಎಡಕ್ಕೆ ಸರಿದರೆ ಅವರ ಕಣ್ಣೂ ಎಡಕ್ಕೆ, ನಾವು ಹಿಂದಕ್ಕೆ ಹೋದರೆ ಅದೂ ಹಿಂದಕ್ಕೆ. ಕೊನೆಗೆ ಸರ್ ಸೀಟಿ ಊದಿದರು. ನಾವೆಲ್ಲ ಹೋಗಿ ಬಂಡೆಯ ಸುತ್ತ ನಿಂತೆವು. ಮೈಲಾರಮ್ಮನೂ ವಿದ್ಯಾಶ್ರೀಯೂ ಹುಣಸೆಮರದ ಕೆಳಗಿನಿಂದ ಎದ್ದು ಬಂದರು.

"ಏಳು ಶಾಲು ತರಿಸಿದ್ದೆ" ಎಂದರು ಪೆದ್ದಾಯನ. "ಏಳೂ ನನ್ನ ಕೈಯಾರೆ ಹೊದಿಸೀನಿ. ಒಂದೂ ಉಳಿದಿಲ್ಲ. ಕಡೀಕೆ ಬಂದಾಕಿಗೆ ಹೆಸರೇನವ್ವ ಅಂತ ಕೇಳಿದೆ. ಅಂಜಿನಿ ಅಂದ್ಳು. ಹೊದಿಸಿದ ಶಾಲು ಒದ್ದಿ ಆತು. ನನ್ನ ಕೈನೂ ಒದ್ದಿ ಆತು."

ಅಂಗೈ ಬಿಡಿಸಿ ತೋರಿಸಿದರು. ಬೆರಳಿನ ಗೆರೆಗಳಲ್ಲಿ, ಉಗುರಿನ ಸಂದಿಯಲ್ಲಿ ನೀಲಿ ಇತ್ತು. ವಾಷಿಂಗಿನಲ್ಲಿ ದುಡಿಯುವವರ ಕೈ ಹಾಗಿರುತ್ತದೆ. ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಇವರು ಆ ಯೂನಿಟ್ಟಿನ ಬಾಗಿಲಿಗೂ ಹೋದವರಲ್ಲ.

ಆಮೇಲೆ ಯಾಕೋ ನನ್ನ ಕಡೆಯೇ ತಿರುಗಿದರು. "ಕಣೇಕಲ್ಲಿನ ಹುಡುಗಿ ಅಂತಾರ ನಮ್ಮವರು. ಹೌದೇನವ್ವ? ನೀ ಹೌದು ಅಂದ್ರ ಸಾಕು, ನಾ ಹೋಗ್ತೀನಿ."

ಹೌದು ಎಂದಿದ್ದರೆ ಅವರು ಎದ್ದು ಹೋಗುತ್ತಿದ್ದರು. ಹೊಟ್ಟೆ ತುಂಬ ಊಟ ಮಾಡುತ್ತಿದ್ದರು. ನೋಡಿ ಕನಿಕರವೂ ಆಯಿತು, ನಮ್ಮಜ್ಜನ ವಯಸ್ಸು.

"ಆ ಹುಡುಗಿ ಇಲ್ಲೇ ಅವಳೆ. ಅವಳನ್ನೇ ಕೇಳಿ" ಎಂದೆ.

ವಿದ್ಯಾಶ್ರೀ ಮುಂದೆ ಬಂದಳು. "ನಾನು ಮ್ಯಾಲೆ ಬರ್ಲಿಲ್ರಿ. ಆಟೋದಾಗ ಕುಂತಿದ್ದೆ. ಆರೇ ಮಂದಿ ಬಂದಿದ್ರು."

ಪೆದ್ದಾಯನ ಅವಳನ್ನು ಬಹಳ ಹೊತ್ತು ನೋಡಿದರು. ಇವಳಲ್ಲ ಎನ್ನುವುದು ಅವರಿಗೆ ಮೊದಲೇ ಗೊತ್ತಿತ್ತೆಂದು ಕಾಣುತ್ತದೆ. ಕೈಯನ್ನು ಪಂಚೆಗೆ ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು. ಪಂಚೆಗೆ ಏನೂ ಹತ್ತಲಿಲ್ಲ.

ಮೈಲಾರಮ್ಮ ಅವರ ಎದುರಿಗೆ ನೆಲದ ಮೇಲೆ ಕೂತಳು. ತಾನು ಯಾರೆಂದು ಹೇಳಲಿಲ್ಲ, ಅವರೂ ಕೇಳಲಿಲ್ಲ.

"ನನ್ ಮಗಳು ನಿಮ್ ಕಡೆಯೋರ ಹತ್ರ ಕೆಲ್ಸಕ್ಕಿದ್ಲೋ, ನೀರು ಕುಡ್ಯಕ್ಕೆ ಬಂದಿದ್ಲೋ? ಅದೊಂದು ಹೇಳಿ ಸಾಮಿ."

ಗಾಳಿ ಇರಲಿಲ್ಲ. ಅಂಕಣದ ಗೆರೆಯ ಸುಣ್ಣ ಮಾತ್ರ, ನನ್ನ ಮೂಲೆಯ ಪಕ್ಕದಲ್ಲಿ, ಯಾರೋ ಕಾಲು ಬದಲಿಸಿ ನಿಂತಂತೆ ಸ್ವಲ್ಪ ಎದ್ದಿತು. ನಾನು ಕಂಡೆ. ಪೆದ್ದಾಯನರೂ ಕಂಡರು.

"ಕೆಲಸಕ್ಕಿದ್ಳು" ಎಂದರು. "ತೊಟ್ಟಿಗೆ ಇಳಿಸಿದ್ದು ನಮ್ಮವರೇ. ಕಿರಣ ಬಂದು ಹೇಳಿದ. ಇದ್ದಿಲ್ಲ ಅಂತ ಹೇಳ್ರಿ ಅಂದಾಂವ ನಾನು."

ಇಲ್ಲಿ ಹೇಳಿದರೆ ಸಾಲದು, ಸ್ಟೇಷನ್ನಿಗೆ ಬಂದು ಹೇಳಿ ಎಂದು ಯಾರೋ ಅಂದರು. ಎಲ್ಲರೂ ನನ್ನ ಕಡೆ ತಿರುಗಿ ನೋಡಿದಾಗ ಅಂದವಳು ನಾನೇ ಎಂದು ತಿಳಿಯಿತು. ಪೆದ್ದಾಯನ ತಲೆಯಾಡಿಸಿದರು. ಮರುಳಪ್ಪ ಸರ್ ಅವರ ಕೋಲು ಎತ್ತಿಕೊಟ್ಟರು. ಎಲ್ಲರೂ ಬ್ರಾಹ್ಮಣರ ಬೀದಿಯಲ್ಲಿ ಹಾದು ಸ್ಟೇಷನ್ನಿನ ತನಕ ನಡೆದೇ ಹೋದೆವು. ಅಂಗಡಿಯವರು ಒಬ್ಬೊಬ್ಬರಾಗಿ ಎದ್ದು ನಿಂತರು. ಪೆದ್ದಾಯನರಿಗೆ ಎದ್ದರೋ, ನಮಗೆ ಎದ್ದರೋ, ಅವರೇ ಹೇಳಬೇಕು.

ಮಾರ್ಚ್ 3, ಶುಕ್ರವಾರ

ನಾಲ್ಕು ದಿನ ಬರೆಯಲು ಆಗಲಿಲ್ಲ. ಕೇಸು ಮತ್ತೆ ತೆರೆದಿದ್ದಾರೆ. ಪೆದ್ದಾಯನ ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲಿ ಎಂದು ಮನೆಯವರೆಲ್ಲ ಸುತ್ತಿಕೊಂಡರಂತೆ. ಹೇಳಿದ್ದು ಹೇಳಿದೆ ಎಂದು ಅವರು ಬಾಗಿಲು ಹಾಕಿಕೊಂಡರಂತೆ. ಕಿರಣ್‌ಕುಮಾರರನ್ನು ಸ್ಟೇಷನ್ನಿನಲ್ಲಿ ಕೂರಿಸಿದ್ದಾರೆ. ವಾಷಿಂಗ್ ಯೂನಿಟ್ಟಿಗೆ ಬೀಗ ಬಿದ್ದಿದೆ. ನನ್ನನ್ನೂ ಸುಶ್ಮಿತಾಳನ್ನೂ ಕೆಲಸದಿಂದ ತೆಗೆದರು. ಸೋಮವಾರ ಬಳ್ಳಾರಿ ಕಡೆ ಕೇಳಿಕೊಂಡು ಬರಬೇಕು.

ನಿನ್ನೆ ಮೈಲಾರಮ್ಮ ಆ ತೊಟ್ಟಿ ನೋಡಬೇಕೆಂದಳು. ಬೀಗದ ಹೊರಗಿನಿಂದಲೇ ಕಬ್ಬಿಣದ ಗೇಟು ಹಿಡಿದು ನಿಂತಳು. ಕೆಲಸವಿಲ್ಲದೆ ಎದುರಿನ ಮರದ ಕೆಳಗೆ ಕೂತಿದ್ದ ಯೂನಿಟ್ಟಿನ ಹೆಂಗಸರು ನೋಡಿದರು. ಅಂಜಿನಿಯನ್ನು ಕಂಡೇ ಇಲ್ಲ ಎಂದು ಪೊಲೀಸರಿಗೆ ಹೇಳಿದವರು. ಮೊದಲು ಲಕ್ಷ್ಮಕ್ಕ ಎಂಬ ಹೆಂಗಸು ಎದ್ದು ಬಂದು, ನಿನ್ನ ಮಗಳು ನನ್ನ ಡಬ್ಬಿಯಲ್ಲಿ ಕೈ ಹಾಕಿ ಉಣ್ಣುತ್ತಿದ್ದಳು ಎಂದಳು. ಇನ್ನೊಬ್ಬಳು, ನನಗೆ ಜ್ವರ ಬಂದಾಗ ನನ್ನ ಪಾಲಿನ ಪ್ಯಾಂಟನ್ನೂ ತೊಳೆದಳು ಎಂದಳು. ಮತ್ತೊಬ್ಬಳು, ಮಷಿನ್ ಸದ್ದಿನಲ್ಲೂ ಕೇಳುವ ಹಾಗೆ ಹಾಡುತ್ತಿದ್ದಳು ಎಂದಳು. ಬಿಸಿಲು ಏರುವ ತನಕ ಹೇಳುತ್ತಲೇ ಇದ್ದರು. ಮೈಲಾರಮ್ಮ ಗೇಟಿಗೆ ಬೆನ್ನು ಕೊಟ್ಟು ಕೂತು ಒಂದೊಂದಕ್ಕೂ ಹೂಂ ಎಂದಳು. ಅಲ್ಲೇ ಅವಳು ಮೊದಲ ಸಲ ಅತ್ತಳು.

ಇವತ್ತು ಬೆಳಿಗ್ಗೆ ಅವಳನ್ನು ಕಲ್ಯಾಣದುರ್ಗದ ಬಸ್ಸಿಗೆ ಹತ್ತಿಸಿದೆ. ಕಿಟಕಿಯ ಪಕ್ಕದ ಸೀಟು ಬಿಟ್ಟು ಈಚೆ ಕೂತಳು. ಕಿಟಕಿಗೆ ಸರಿದುಕೊಳ್ಳವ್ವ, ಗಾಳಿ ಬರುತ್ತದೆ ಎಂದೆ. ಇರಲಿ ಬಿಡು ಎಂದಳು. ಕಂಡಕ್ಟರ್ ಬಂದಾಗ ಎರಡು ಟಿಕೆಟ್ ಕೇಳಿದಳು. ಅವನು ಅವಳನ್ನು ನೋಡಿದ, ಕಿಟಕಿಯ ಕಡೆ ನೋಡಿದ, ಎರಡು ಹರಿದು ಕೊಟ್ಟ.

ಬಸ್ಸು ತುಂಬಿತು. ಮೂಟೆ ಹೊತ್ತ ಗಂಡಸೊಬ್ಬ ಬಂದು, ಮೈಲಾರಮ್ಮನನ್ನು ದಾಟಿ ಒಳಗೆ ಕೂರಲು ಹೋದ.

"ಅಲ್ಲಿ ಆಳೈತ್ರಿ, ಕಾಣಂಗಿಲ್ಲೇನು? ಹಿಂದಕ್ಕ ಹೋಗ್ರಿ" ಎಂದ ಕಂಡಕ್ಟರ್, ಚೀಟಿಯಿಂದ ತಲೆ ಎತ್ತದೆ.

ಆ ಗಂಡಸು ಕಿಟಕಿಯ ಕಡೆ ನೋಡಿ, ತಪ್ಪಾಯ್ತವ್ವ ಎಂದು ಹಿಂದಕ್ಕೆ ಸರಿದ. ಬಸ್ಸು ಹೊರಟಿತು. ನಾನು ರಸ್ತೆಯ ಪಕ್ಕದಲ್ಲಿ ನಿಂತು ಇಬ್ಬರಿಗೂ ಕೈ ಬೀಸಿದೆ.